ತಂಗಿಯ ಎದೆಬಡಿತಕ್ಕೆ ಮಾತ್ರೆಯೋ, ಅಬ್ಲೇಷನ್ನೋ?

ತುಂಗೆಯ_ದಡ:
ತಂಗಿಗೆ 27 ವರ್ಷ. ಮೂರು ವರ್ಷದಿಂದ ಇದ್ದಕ್ಕಿದ್ದಂತೆ ಎದೆ ಡವಡವ ಹೊಡೆದುಕೊಳ್ಳುತ್ತದೆ, ಅರ್ಧ ಗಂಟೆ ಆದಮೇಲೆ ಥಟ್ಟನೆ ನಿಲ್ಲುತ್ತದೆ. ಊರಿನ ಕ್ಲಿನಿಕ್ ಮುಟ್ಟುವಷ್ಟರಲ್ಲಿ ಸರಿಹೋಗಿರುತ್ತಿತ್ತು. ಇಸಿಜಿ ನಾರ್ಮಲ್, ಗ್ಯಾಸ್ಟ್ರಿಕ್, ಟೆನ್ಷನ್ ಜಾಸ್ತಿ ಅಂತ ಕಳಿಸುತ್ತಿದ್ದರು. ಕಳೆದ ತಿಂಗಳು ನಿಲ್ಲಲೇ ಇಲ್ಲ. ಶಿವಮೊಗ್ಗಕ್ಕೆ ಓಡಿದೆವು, ನಿಮಿಷಕ್ಕೆ 190 ಇತ್ತು, ಇಂಜೆಕ್ಷನ್ ಕೊಟ್ಟು ನಿಲ್ಲಿಸಿದರು. ಎಸ್‌ವಿಟಿ ಅಂತೆ, ಅಂದರೆ ಹೃದಯದ ಕರೆಂಟ್ ದಾರಿ ತಪ್ಪಿ ಬಡಿತ ಇದ್ದಕ್ಕಿದ್ದಂತೆ ಓಡುವುದು. ಈಗ ಬಡಿತ ತಗ್ಗಿಸುವ ಮೆಟೊಪ್ರೊಲಾಲ್ ಮಾತ್ರೆ ತಗೊಳ್ಳುತ್ತಿದ್ದಾಳೆ. ಡಾಕ್ಟರ್ ಅಬ್ಲೇಷನ್ ಮಾಡಿಸಿ ಅನ್ನುತ್ತಾರೆ, ಅಮ್ಮ ಮಾತ್ರ "ಮದುವೆ ಆಗಬೇಕಾದ ಹುಡುಗಿ, ಹೃದಯ ಸುಡಿಸೋದು ಬೇಡ" ಅಂತ ಅಳುತ್ತಾರೆ. ಮಾಡಿಸಿಕೊಂಡವರು ಇದ್ದರೆ ಹೇಳಿ.

ಕಾಫಿತೋಟ:
ನಾನು ಮಾಡಿಸಿಕೊಂಡು ಆರು ವರ್ಷ ಆಯಿತು. ಎದೆ ಕೊಯ್ಯುವುದಿಲ್ಲ, ಅಮ್ಮನಿಗೆ ಅದನ್ನು ಮೊದಲು ಹೇಳಿ. ತೊಡೆಸಂದಿಯ ರಕ್ತನಾಳದಿಂದ ತೆಳುವಾದ ವೈರ್‌ಗಳನ್ನು ಹೃದಯದವರೆಗೆ ಕಳಿಸುತ್ತಾರೆ. ನನಗಿದ್ದದ್ದು ಎವಿಎನ್‌ಆರ್‌ಟಿ ಅನ್ನುವ ಬಗೆಯ ಎಸ್‌ವಿಟಿ, ಅಂದರೆ ಕರೆಂಟ್ ಹೃದಯದ ಮೇಲಿನ ಕೋಣೆಯಿಂದ ಕೆಳಗೆ ಇಳಿಯುವ ಜಾಗದಲ್ಲಿ ಒಂದರ ಬದಲು ಎರಡು ದಾರಿ ಇದ್ದು ಅದು ಅಲ್ಲೇ ಗಿರಕಿ ಹೊಡೆಯುವುದು. ಬೇಡದ ದಾರಿಯ ಒಂದು ಚುಕ್ಕಿಯಷ್ಟು ಜಾಗವನ್ನು ಬಿಸಿ ಮಾಡಿ ಮುಚ್ಚುತ್ತಾರೆ, ಅಷ್ಟೇ. ಎಚ್ಚರ ಇತ್ತು. ಅವರೇ ಬಡಿತ ಬರಿಸಿ ನೋಡುವಾಗ ಭಯ ಆಯಿತು ನಿಜ. ಮರುದಿನ ಮನೆಗೆ ಬಂದೆ, ಅವತ್ತಿನಿಂದ ಒಂದು ಸಲವೂ ಬಂದಿಲ್ಲ.

ಇಸಿಜಿ_ಅಕ್ಕ:
ಇಪಿ ಲ್ಯಾಬ್‌ನಲ್ಲಿ, ಅಂದರೆ ಹೃದಯದ ಕರೆಂಟ್ ಪರೀಕ್ಷೆ ಮಾಡಿ ಅಬ್ಲೇಷನ್ ಮಾಡುವ ಕಡೆ ಕೆಲಸ ಮಾಡಿದವಳು ನಾನು. ಈ ಎವಿಎನ್‌ಆರ್‌ಟಿ ತೊಂದರೆಗೆ ನೂರರಲ್ಲಿ 95ಕ್ಕಿಂತ ಜಾಸ್ತಿ ಜನಕ್ಕೆ ಅಬ್ಲೇಷನ್ ಫಲ ಕೊಡುತ್ತದೆ. ಅಪಾಯವೂ ಇದೆ, ಮುಚ್ಚಿಡಬಾರದು. ಸರಿಯಾದ ದಾರಿ ಪಕ್ಕದಲ್ಲೇ ಇರುವುದರಿಂದ ನೂರಕ್ಕೆ ಒಬ್ಬರಿಗೋ ಅದಕ್ಕೂ ಕಡಿಮೆ ಜನಕ್ಕೋ ಅದಕ್ಕೆ ಪೆಟ್ಟಾಗಿ ಪೇಸ್‌ಮೇಕರ್ ಬೇಕಾಗಬಹುದು. ಮಾತ್ರೆ ಬಡಿತವನ್ನು ತಡೆಯುತ್ತದೆ, ಆ ದಾರಿಯನ್ನು ಮುಚ್ಚುವುದಿಲ್ಲ. ಮದುವೆ ಅಂದಿರಲ್ವಾ, ಬಸುರಿಯಲ್ಲಿ ಎಸ್‌ವಿಟಿ ಜಾಸ್ತಿ ಆಗಬಹುದು, ಆಗ ಔಷಧ ಕೊಡುವುದೂ ಕಷ್ಟ. ಅದಕ್ಕೇ ಮೊದಲೇ ಮಾಡಿಸಿ ಅನ್ನುತ್ತಾರೆ.

ಅಲ್ಲಿಯವರೆಗೆ ಬಡಿತ ಬಂದರೆ ಹಿಂದಕ್ಕೆ ಒರಗಿ ಅರೆ ಕುಳಿತು 10 ಎಂಎಲ್ ಸಿರಿಂಜ್‌ನ ತುದಿಗೆ ಬಾಯಿಟ್ಟು 15 ಸೆಕೆಂಡ್ ಜೋರಾಗಿ ಊದಲಿ. ತಕ್ಷಣ ಅಂಗಾತ ಮಲಗಿಸಿ ಕಾಲು ಎತ್ತಿ ಇನ್ನೂ 15 ಸೆಕೆಂಡ್ ಹಿಡಿಯಿರಿ. 2015ರಲ್ಲಿ ಬ್ರಿಟನ್‌ನಲ್ಲಿ ಪರೀಕ್ಷೆ ಮಾಡಿದಾಗ ಹೀಗೆ ಮಾಡಿದವರಲ್ಲಿ ನೂರಕ್ಕೆ 43 ಜನಕ್ಕೆ ನಿಂತಿತು, ಸುಮ್ನೆ ಊದಿ ಕುಳಿತವರಲ್ಲಿ 17. ನಿಮ್ಮ ಡಾಕ್ಟರ್ ಹತ್ತಿರ ಒಮ್ಮೆ ತೋರಿಸಿಕೊಂಡು ಮಾಡಿ. ತಲೆ ತಿರುಗಿ ಬಿದ್ದರೆ, ಎದೆ ನೋವು ಬಂದರೆ ಇದನ್ನೆಲ್ಲ ಮಾಡುತ್ತಾ ಕೂರಬೇಡಿ, ಆಸ್ಪತ್ರೆಗೆ ಹೋಗಿ.

ತುಂಗೆಯ_ದಡ:
ಅಮ್ಮನಿಗೆ ಎಲ್ಲ ಓದಿ ಹೇಳಿದೆ. ಎದೆ ಕೊಯ್ಯಲ್ಲ ಅಂದಮೇಲೆ ಸ್ವಲ್ಪ ಸಮಾಧಾನ. ಮಾತ್ರೆ ಈಗಲೇ ನಿಲ್ಲಿಸಬೇಕಾ?

ಇಸಿಜಿ_ಅಕ್ಕ:
ಬೇಡ, ನೀವಾಗಿ ನಿಲ್ಲಿಸಲೇಬೇಡಿ. ದಿನ ಗೊತ್ತಾದ ಮೇಲೆ ಎಷ್ಟು ದಿನ ಮುಂಚೆ ಬಿಡಬೇಕು ಅಂತ ಅವರೇ ಹೇಳುತ್ತಾರೆ. ಶಿವಮೊಗ್ಗದಲ್ಲಿ ಬಡಿತ ಇದ್ದಾಗ ತೆಗೆದ ಇಸಿಜಿ ಇದೆ ಅಲ್ವಾ? ಅದರ ಗೆರೆಗಳು ಮಾಸಿಹೋಗುತ್ತವೆ, ಇವತ್ತೇ ಫೋಟೊ ತೆಗೆದಿಡಿ.