ಸಹಾಯ ಬೇಕು: ಅಂಗ್ಕೋರ್ ವಾಟ್ ನೋಡೋಕೆ ಬೆಳಿಗ್ಗೆಯೋ, ಮಧ್ಯಾಹ್ನವೋ?

ಕಾಂಬೋಡಿಯದ ಅಂಗ್ಕೋರ್‌ಗೆ ಒಂದೇ ದಿನದ ಪಾಸ್. ತಲೆ ಕೆಡ್ತಿರೋದು ಬೆಳಕಿನ ವಿಷಯಕ್ಕೆ. 12ನೇ ಶತಮಾನದ ಅಂಗ್ಕೋರ್ ವಾಟ್ ದೇವಾಲಯ ಪಶ್ಚಿಮಕ್ಕೆ ಮುಖ ಮಾಡಿದೆ. ಸೂರ್ಯೋದಯಕ್ಕೆ ಕೊಳದ ಹತ್ತಿರ ನಿಂತರೆ ಗೋಪುರಗಳು ಬರೀ ಕಪ್ಪು ಆಕಾರ. ನೋಟವೇನೋ ಅದ್ಭುತ, ಕೆತ್ತನೆ ಮಾತ್ರ ಕಾಣಲ್ಲ. ಪಶ್ಚಿಮ ಮೊಗಸಾಲೆಯ ಗೋಡೆಯಲ್ಲಿರೋ ಕುರುಕ್ಷೇತ್ರ ಯುದ್ಧದ ಕೆತ್ತನೆಗೆ, ಅದರಲ್ಲೂ ಶರಶಯ್ಯೆಯ ಭೀಷ್ಮನಿಗೆ, ಮಧ್ಯಾಹ್ನದ ಬಿಸಿಲೇ ಬೇಕು. ಪೂರ್ವದ ಸಮುದ್ರಮಥನಕ್ಕೆ ಬೆಳಗಿನದು.

ನಕ್ಷೆ ಇಟ್ಕೊಂಡು ಮೂರು ಥರ ಲೆಕ್ಕ ಹಾಕಿದ್ದಾಯ್ತು. ಒಂದೇ ಸಲ ಹೋದರೆ ಒಂದು ಗೋಡೆ ಮಬ್ಬು. ಎರಡು ಸಲ ಹೋದರೆ ಅಂಗ್ಕೋರ್‌ನ ಬೇರೆ ದೇವಾಲಯಗಳಾದ ಬಯೋನ್ ಅಥವಾ ತಾ ಪ್ರೋಮ್ ತಪ್ಪುತ್ತೆ ಅನ್ನಿಸ್ತಿದೆ.

ಹೋಗಿಬಂದವರು ದಯವಿಟ್ಟು ಹೇಳಿ: ಬೆಳಿಗ್ಗೆ ಸಮುದ್ರಮಥನ, ಆಮೇಲೆ ಬಯೋನ್, 3 ಗಂಟೆಗೆ ಕುರುಕ್ಷೇತ್ರಕ್ಕೆ ವಾಪಸ್. ನಡುವೆ ತಾ ಪ್ರೋಮ್ ಅವಸರವಿಲ್ಲದೆ ನೋಡೋಕೆ ಸಮಯ ಸಿಗುತ್ತಾ?