ಸ್ವಯಂಸೇವಕರಿಗೆ ಪಾಯಿಂಟ್ಸ್, ಕೂಪನ್ ಕೊಡಬೇಕಾ? (ಚರ್ಚೆ)

ವಾರಾಂತ್ಯಓದು:
ಎಲ್ಲರಿಗೂ ನಮಸ್ಕಾರ. ಒಂದು ವಿಷಯದಲ್ಲಿ ನಿಮ್ಮ ಅಭಿಪ್ರಾಯ ಬೇಕಿತ್ತು. ನಮ್ಮದು ಸ್ವಯಂಸೇವಕರ ಸಣ್ಣ ಗುಂಪು. ರಜೆಯ ದಿನ ಮಕ್ಕಳಿಗೆ ಪಾಠ ಹೇಳಿಕೊಡುತ್ತೇವೆ. ಕಣ್ಣು ಕಾಣದ ವಿದ್ಯಾರ್ಥಿಗಳಿಗಾಗಿ ಪಠ್ಯಪುಸ್ತಕ ಓದಿ ರೆಕಾರ್ಡ್ ಮಾಡುವ ಕೆಲಸವೂ ಇದೆ. ಹೊಸಬರು ಹುರುಪಿನಿಂದ ಬರುತ್ತಾರೆ. ಕೆಲವು ವಾರ ಕಳೆಯುವಷ್ಟರಲ್ಲಿ ಅರ್ಧ ಜನ ನಾಪತ್ತೆ. ಉಳಿದವರ ಮೇಲೇ ಎಲ್ಲ ಹೊರೆ ಬೀಳುತ್ತದೆ.

ಅದಕ್ಕೆ ಒಂದು ಯೋಜನೆ ಹಾಕಿದ್ದೇವೆ. ಒಂದು ಗಂಟೆ ಕೆಲಸಕ್ಕೆ ಹತ್ತು ಪಾಯಿಂಟ್. ಪಾಯಿಂಟ್ಸ್ ಸೇರಿದರೆ ಶಾಪಿಂಗ್ ಕೂಪನ್. ಅತಿ ಹೆಚ್ಚು ಪಾಯಿಂಟ್ಸ್ ಪಡೆದವರ ಫೋಟೊ ಬೋರ್ಡಿನ ಮೇಲೆ, ‘ತಿಂಗಳ ಸ್ವಯಂಸೇವಕ’ ಅಂತ. ಡಿಸೆಂಬರ್ 5ಕ್ಕೆ ಘೋಷಿಸೋಣ ಅಂತಿದ್ದೇವೆ. ಸ್ವಯಂಸೇವಕರಿಗೆ ಅಂತಲೇ ವಿಶ್ವಸಂಸ್ಥೆ 1985ರಲ್ಲಿ ಗೊತ್ತು ಮಾಡಿದ ದಿನ ಅದು. ಏನಂತೀರಿ?

ಬೆಳಗಿನಮಂಜು:
ದಯವಿಟ್ಟು ಕೂಪನ್ ಮಾತ್ರ ಬೇಡ. ಕೂಪನ್ ಕೊಟ್ಟ ದಿನದಿಂದ ಅದು ಕೂಲಿ ಆಗುತ್ತದೆ, ಅದೂ ತೀರಾ ಕಡಿಮೆ ಕೂಲಿ. ಈಗ ಬರುವವರು ‘ಮಕ್ಕಳು ಕಾಯ್ತಿರ್ತಾರೆ’ ಅಂತ ಬರುತ್ತಾರೆ. ನಾಳೆ ‘ಇಷ್ಟಕ್ಕೆ ನನ್ನ ಭಾನುವಾರ ಕಳೀಬೇಕಾ?’ ಅಂತ ಲೆಕ್ಕ ಹಾಕುತ್ತಾರೆ. ಆ ಲೆಕ್ಕ ಒಂದು ಸಲ ತಲೆಗೆ ಹೊಕ್ಕರೆ ಮತ್ತೆ ಹೊರಗೆ ಹೋಗುವುದು ಕಷ್ಟ.

ನೀಲಿಶಾಯಿ:
ಬೆಳಗಿನಮಂಜು ಅವರ ಮಾತಿಗೆ ಆಧಾರ ಇದೆ. ಉರಿ ಗ್ನೀಜಿ, ಆಲ್ಡೊ ರುಸ್ಟಿಚಿನಿ ಅನ್ನುವ ಇಬ್ಬರು ಅರ್ಥಶಾಸ್ತ್ರಜ್ಞರು ಇಸ್ರೇಲ್‌ನಲ್ಲಿ ಒಂದು ಪ್ರಯೋಗ ಮಾಡಿ 2000ದಲ್ಲಿ ಪ್ರಕಟಿಸಿದರು. ಹೈಸ್ಕೂಲ್ ವಿದ್ಯಾರ್ಥಿಗಳು ಮನೆ ಮನೆಗೆ ಹೋಗಿ ಒಳ್ಳೆಯ ಕೆಲಸಗಳಿಗೆ ದೇಣಿಗೆ ಸಂಗ್ರಹಿಸಬೇಕಿತ್ತು. ಒಂದು ಗುಂಪಿಗೆ ಕೆಲಸದ ಮಹತ್ವ ಹೇಳಿ ಕಳಿಸಿದರು, ಅಷ್ಟೇ. ಎರಡನೆಯ ಗುಂಪಿಗೆ ಸಂಗ್ರಹದ ಶೇ. 1ರಷ್ಟು, ಮೂರನೆಯದಕ್ಕೆ ಶೇ. 10ರಷ್ಟು ಹಣ ಕೊಡುತ್ತೇವೆ ಅಂದರು. ಆ ಹಣ ದೇಣಿಗೆಯಿಂದ ಕಡಿತ ಆಗುವುದಿಲ್ಲ, ಬೇರೆ ಕಡೆಯಿಂದ ಬರುತ್ತದೆ ಅಂತಲೂ ತಿಳಿಸಿದ್ದರು.

ಜಾಸ್ತಿ ಸಂಗ್ರಹಿಸಿದ್ದು ಏನೂ ಸಿಗದ ಗುಂಪು! ಶೇ. 10ರವರು ಅವರಿಗಿಂತ ಹಿಂದೆ. ಎಲ್ಲರಿಗಿಂತ ಹಿಂದೆ ಬಿದ್ದವರು ಶೇ. 1ರವರು. ನಿಮ್ಮ ಕೂಪನ್ ಯಾವ ಗುಂಪಿಗೆ ಸೇರುತ್ತದೆ ಅಂತ ಯೋಚಿಸಿ. ಸಣ್ಣ ಗುಂಪು ಅಂದಮೇಲೆ ಕೂಪನ್ನಿನ ಮೊತ್ತವೂ ಸಣ್ಣದೇ ಇರುತ್ತದೆ, ಅಲ್ವಾ?

ಓನೆಗೆಟಿವ್:
ಒಂದೇ ಪ್ರಯೋಗ ಹಿಡಿದುಕೊಂಡು ತೀರ್ಮಾನಕ್ಕೆ ಬರಬೇಡಿ. ರಕ್ತದಾನದ ವಿಷಯದಲ್ಲಿ ಈ ಜಗಳ ಐವತ್ತು ವರ್ಷಕ್ಕಿಂತ ಹಳೆಯದು. ಹಣ ಕೊಟ್ಟರೆ ದಾನದ ಮನಸ್ಸು ಹಾಳಾಗುತ್ತದೆ, ರಕ್ತದ ಗುಣಮಟ್ಟವೂ ಕೆಡುತ್ತದೆ ಅಂತ ಬ್ರಿಟನ್ನಿನ ಸಮಾಜ ವಿಜ್ಞಾನಿ ರಿಚರ್ಡ್ ಟಿಟ್ಮಸ್ 1970ರಲ್ಲೇ ವಾದಿಸಿದ್ದರು. 2008ರಲ್ಲಿ ಪ್ರಕಟವಾದ ಸ್ವೀಡನ್ನಿನ ಗೋಥೆನ್‌ಬರ್ಗ್‌ನ ಒಂದು ಅಧ್ಯಯನದಲ್ಲಿ, ಹಣ ಕೊಡುತ್ತೇವೆ ಅಂದಾಗ ದಾನಿಗಳಾಗಲು ಮುಂದೆ ಬಂದ ಹೆಂಗಸರ ಸಂಖ್ಯೆ ಹೆಚ್ಚು ಕಡಿಮೆ ಅರ್ಧಕ್ಕೆ ಇಳಿಯಿತು. ಆ ಹಣವನ್ನು ಬೇರೆ ಒಳ್ಳೆಯ ಕೆಲಸಕ್ಕೆ ಕೊಡುವ ಅವಕಾಶ ಇಟ್ಟಾಗ ಸಂಖ್ಯೆ ಮತ್ತೆ ಮೇಲೇರಿತು. ಗಂಡಸರಲ್ಲಿ ಅಂಥ ವ್ಯತ್ಯಾಸ ಕಾಣಲಿಲ್ಲ.

ಆದರೆ 2013ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಬಂದ ಲೇಖನ ಬೇರೆಯೇ ಹೇಳುತ್ತದೆ. ನಿಜವಾದ ರಕ್ತದಾನ ಶಿಬಿರಗಳಲ್ಲಿ ಟೀ ಶರ್ಟ್, ಗಿಫ್ಟ್ ಕಾರ್ಡ್ ಥರದ ಉಡುಗೊರೆ ಕೊಟ್ಟು ನೋಡಿದ ಅಧ್ಯಯನಗಳನ್ನೆಲ್ಲ ಸೇರಿಸಿ ನೋಡಿದಾಗ, ಹೆಚ್ಚಿನ ಕಡೆ ದಾನಿಗಳು ಜಾಸ್ತಿಯೇ ಆಗಿದ್ದರು. ಬಂದವರಿಗೆ ಏನಾದರೂ ಕೊಟ್ಟರೆ ಸೇವೆಯ ಮನಸ್ಸು ಸತ್ತೇ ಹೋಗುತ್ತದೆ ಅನ್ನುವುದು ಸರಿಯಲ್ಲ.

ನಾನೂ ರಕ್ತದಾನಿ. ನನಗೆ ತುಂಬಾ ಹಿಡಿಸಿದ್ದು ಸ್ವೀಡನ್ನಿನ ಪದ್ಧತಿ. ದಾನಿಯ ರಕ್ತ ರೋಗಿಗೆ ಬಳಕೆಯಾದಾಗ ಅವರ ಫೋನಿಗೆ ಮೆಸೇಜ್ ಹೋಗುತ್ತದೆ. ಖರ್ಚು ಏನೂ ಇಲ್ಲ ಅನ್ನುವಷ್ಟು ಕಡಿಮೆ. ಸರ್ಟಿಫಿಕೇಟ್ ಕಪಾಟು ಸೇರುತ್ತದೆ. ಆ ಮೆಸೇಜ್ ಮನಸ್ಸಲ್ಲಿ ಉಳಿಯುತ್ತದೆ.

ಮೂರನೇಪಾಳಿ:
ಸೇವೆ ಅಂದರೆ ಏನೂ ತಗೋಬಾರದು ಅನ್ನುವವರಿಗೆ ಒಂದು ಮಾತು ಕೇಳಬೇಕಿತ್ತು. ನಿಮ್ಮ ಗುಂಪಿನಲ್ಲಿ ದಿನಗೂಲಿಯವರು ಎಷ್ಟು ಜನ ಇದ್ದಾರೆ? ಶಿಫ್ಟ್ ಕೆಲಸದವರು? ಪುಟ್ಟ ಮಗುವನ್ನು ನೋಡಿಕೊಳ್ಳಲು ಮನೆಯಲ್ಲಿ ಯಾರೂ ಇಲ್ಲದ ತಾಯಂದಿರು?

ಬಸ್ಸಿನ ಖರ್ಚು ಸ್ವಂತದ್ದು. ಫೋನಿನ ಡೇಟಾ ಸ್ವಂತದ್ದು. ಪ್ರಿಂಟ್ ತೆಗೆಸಿದ್ದು ಸ್ವಂತದ್ದು. ಅದನ್ನು ವಾಪಸ್ ಕೇಳಲು ಸಂಕೋಚ, ಯಾಕಂದರೆ ಸುತ್ತ ಎಲ್ಲರೂ ತ್ಯಾಗದ ಮಾತಾಡುತ್ತಿರುತ್ತಾರೆ. ಕೊನೆಗೆ ಕೈಲಾದವರು ಉಳಿಯುತ್ತಾರೆ, ಆಗದವರು ಸುಮ್ನೆ ಬರುವುದು ನಿಲ್ಲಿಸುತ್ತಾರೆ. ನಾಪತ್ತೆಯಾದ ಆ ಅರ್ಧ ಜನರನ್ನು ಯಾರಾದರೂ ಕಾರಣ ಕೇಳಿದ್ದೀರಾ? ‘ಹುರುಪು ಇಳಿಯಿತು’ ಅಂತ ನೀವೇ ಅಂದುಕೊಂಡುಬಿಟ್ಟಿದ್ದೀರಿ, ಅಷ್ಟೇ.

ಮೊದಲು ಖರ್ಚು ಕೊಡಿ. ಅದು ಬಹುಮಾನ ಅಲ್ಲ, ಅದಕ್ಕೆ ಪಾಯಿಂಟ್ಸೂ ಬೇಡ. ಕೇಳುವ ಮೊದಲೇ ಕೊಡಿ. ಎಲ್ಲರಿಗೂ ಕೊಡಿ, ಆಗ ಯಾರಿಗೂ ಮುಜುಗರ ಆಗುವುದಿಲ್ಲ. ಬೇಡದವರು ಗುಂಪಿಗೇ ವಾಪಸ್ ಹಾಕಲಿ. ಎರಡನೆಯದು, ಕೆಲಸ ಹುಡುಕುತ್ತಿರುವ ಹುಡುಗ ಹುಡುಗಿಯರಿಗೆ ಒಂದು ಒಳ್ಳೆಯ ಪತ್ರ ಬರೆದುಕೊಡಿ. ‘ಇವರು ನಮ್ಮಲ್ಲಿ ಸೇವೆ ಸಲ್ಲಿಸಿರುತ್ತಾರೆ’ ಅನ್ನುವ ಒಂದು ಸಾಲಿನ ಸರ್ಟಿಫಿಕೇಟ್ ಯಾರೂ ಓದುವುದಿಲ್ಲ. ಏನು ಮಾಡಿದರು, ಎಷ್ಟು ಮಕ್ಕಳನ್ನು ನೋಡಿಕೊಂಡರು, ಯಾವ ಕಷ್ಟವನ್ನು ಹೇಗೆ ನಿಭಾಯಿಸಿದರು ಅಂತ ಬರೆಯಿರಿ. ಅಂಥ ಪತ್ರಕ್ಕೆ ಬೆಲೆ ಇದೆ.

ಬೆಳಗಿನಮಂಜು:
@ಮೂರನೇಪಾಳಿ, ಖರ್ಚು ಕೊಡುವುದಕ್ಕೆ ನನ್ನ ತಕರಾರು ಖಂಡಿತ ಇಲ್ಲ. ಕೈಯಿಂದ ಕಳೆದುಕೊಂಡದ್ದನ್ನು ತುಂಬಿಕೊಡುವುದು ನ್ಯಾಯ. ನಾನು ಬೇಡ ಅಂದದ್ದು ಗಂಟೆಗೆ ಇಷ್ಟು ಅಂತ ದರ ಕಟ್ಟುವುದನ್ನು.

ಲೆಕ್ಕದಪುಸ್ತಕ:
ಮೆಚ್ಚುಗೆಗೆ ದುಡ್ಡೇ ಬೇಕಿಲ್ಲ. ಸ್ವಯಂಸೇವಕರೇ ಬರೆದು ತಿದ್ದುವ ವಿಕಿಪೀಡಿಯದಲ್ಲಿ ‘ಬಾರ್ನ್‌ಸ್ಟಾರ್’ ಅಂತ ಒಂದು ನಕ್ಷತ್ರದ ಚಿತ್ರ ಇದೆ. ಚೆನ್ನಾಗಿ ಕೆಲಸ ಮಾಡಿದ ಸಂಪಾದಕರ ಪುಟದಲ್ಲಿ ಇನ್ನೊಬ್ಬ ಸಂಪಾದಕರು ಅದನ್ನು ಅಂಟಿಸಬಹುದು. 2012ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ, ಅತಿ ಹೆಚ್ಚು ಕೆಲಸ ಮಾಡುವ ಶೇ. 1ರಷ್ಟು ಸಂಪಾದಕರ ಪೈಕಿ ಕೆಲವರನ್ನು ಚೀಟಿ ಎತ್ತಿದ ಹಾಗೆ ಆರಿಸಿ ನಕ್ಷತ್ರ ಕೊಟ್ಟರು. ಸಿಕ್ಕವರು ಮುಂದಿನ ಮೂರು ತಿಂಗಳಲ್ಲಿ, ಸಿಗದವರಿಗಿಂತ ಸುಮಾರು ಶೇ. 60ರಷ್ಟು ಜಾಸ್ತಿ ಕೆಲಸ ಮಾಡಿದರು. ಜರ್ಮನ್ ವಿಕಿಪೀಡಿಯದಲ್ಲಿ ಹೊಸಬರ ಮೇಲೆ ಯಾನಾ ಗಲ್ಲುಸ್ ಅನ್ನುವ ಸಂಶೋಧಕಿ ಇಂಥದೇ ಪ್ರಯೋಗ ಮಾಡಿದರು. ಅಲ್ಲಿ ಮುಂದಿನ ತಿಂಗಳೂ ಉಳಿದ ಹೊಸಬರ ಪ್ರಮಾಣ ಸುಮಾರು ಶೇ. 20ರಷ್ಟು ಏರಿತು. ಹಣ ಇಲ್ಲ, ವೇದಿಕೆ ಇಲ್ಲ.

ಹೊಸಬರು ಉಳಿಯಬೇಕು ಅನ್ನುವುದೇ ತಾನೇ ನಿಮ್ಮ ಸಮಸ್ಯೆ? ಹಾಗಾದರೆ ‘ತಿಂಗಳ ಸ್ವಯಂಸೇವಕ’ ಅನ್ನುವ ಒಬ್ಬರ ಫೋಟೊ ಯಾಕೆ? ಅದು ಹೇಗಿದ್ದರೂ ಹಳಬರಿಗೇ ಹೋಗುತ್ತದೆ.

ಮೇಷ್ಟ್ರು:
ಲೆಕ್ಕದಪುಸ್ತಕ ಹೇಳಿದ ಎರಡೂ ಪ್ರಯೋಗಗಳಲ್ಲಿ ಒಂದು ಸಂಗತಿ ಗಮನಿಸಿ. ಬಹುಮಾನ ಬರುತ್ತದೆ ಅಂತ ಅವರಿಗೆ ಮೊದಲೇ ಯಾರೂ ಆಸೆ ಹುಟ್ಟಿಸಿರಲಿಲ್ಲ. ಇಲ್ಲೇ ಇರುವುದು ಗುಟ್ಟು. ಮನಶ್ಶಾಸ್ತ್ರಜ್ಞ ಮಾರ್ಕ್ ಲೆಪರ್ ಮತ್ತು ಜೊತೆಗಾರರು ನರ್ಸರಿ ಮಕ್ಕಳ ಮೇಲೆ ಮಾಡಿ 1973ರಲ್ಲಿ ಪ್ರಕಟಿಸಿದ ಪ್ರಯೋಗ ಶಿಕ್ಷಕರಿಗೆ ಪರಿಚಿತ. ಬಣ್ಣದ ಮಾರ್ಕರ್ ಪೆನ್ನಿನಲ್ಲಿ ಚಿತ್ರ ಬಿಡಿಸುವುದು ಆ ಮಕ್ಕಳಿಗೆ ಮೊದಲೇ ಇಷ್ಟ. ಕೆಲವರಿಗೆ ‘ಚಿತ್ರ ಬಿಡಿಸಿದರೆ ಬಹುಮಾನ ಕೊಡುತ್ತೇವೆ’ ಅಂದರು. ಬಹುಮಾನ ಅಂದರೆ ಬಂಗಾರದ ಬಣ್ಣದ ನಕ್ಷತ್ರ, ಕೆಂಪು ರಿಬ್ಬನ್ ಇದ್ದ ಕಾಗದ. ಕೆಲವರಿಗೆ ಏನೂ ಹೇಳದೆ, ಬಿಡಿಸಿದ ಮೇಲೆ ಅದೇ ಬಹುಮಾನ ಕೊಟ್ಟರು. ಮೂರನೆಯವರಿಗೆ ಏನೂ ಕೊಡಲಿಲ್ಲ. ಆಮೇಲೆ ಪೆನ್ನುಗಳನ್ನು ತರಗತಿಯಲ್ಲಿ ಇಟ್ಟು ಸುಮ್ಮನೆ ನೋಡಿದರು. ಬಹುಮಾನದ ಮಾತು ಕೇಳಿ ಬಿಡಿಸಿದ ಮಕ್ಕಳು ಆ ಕಡೆ ಹೋಗುವುದೇ ಕಡಿಮೆಯಾಗಿತ್ತು. ತಾನಾಗಿ ಬಹುಮಾನ ಸಿಕ್ಕವರ ಆಸಕ್ತಿ ಕುಂದಿರಲಿಲ್ಲ.

ದೊಡ್ಡವರು ಮಕ್ಕಳ ಹಾಗೇ ಅಂತ ನಾನು ಹೇಳುತ್ತಿಲ್ಲ. ಆದರೆ ಮೊದಲೇ ದರಪಟ್ಟಿ ಅಂಟಿಸುವುದಕ್ಕೂ ಕೆಲಸ ನೋಡಿ ಬೆನ್ನು ತಟ್ಟುವುದಕ್ಕೂ ತುಂಬಾ ಅಂತರ ಇದೆ.

ನುಡಿಕೋಣೆ:
ನಾನು ಇದೇ ಥರದ ರೆಕಾರ್ಡಿಂಗ್ ಗುಂಪಿನಲ್ಲಿ ಇದ್ದವಳು. ಅಲ್ಲಿ ಪಾಯಿಂಟ್ಸ್ ಬಂದ ಮೇಲೆ ಏನಾಯಿತು ಅಂತ ಹೇಳುತ್ತೇನೆ.

ಓದಿದ ಪುಟಗಳ ಲೆಕ್ಕದಲ್ಲಿ ಪಾಯಿಂಟ್ಸ್ ಇತ್ತು. ಕಥೆ, ಇತಿಹಾಸ ಓದಿದರೆ ಪುಟಗಳು ಸರಸರ ಓಡುತ್ತವೆ. ಗಣಿತದ ಪುಸ್ತಕ ಹಾಗಲ್ಲ. ಒಂದು ಗ್ರಾಫ್ ಬಂತು ಅಂದುಕೊಳ್ಳಿ. ಅಡ್ಡ ಗೆರೆಯಲ್ಲಿ ಏನಿದೆ, ನಿಂತ ಗೆರೆಯಲ್ಲಿ ಏನಿದೆ, ರೇಖೆ ಎಲ್ಲಿಂದ ಹೊರಟು ಎಲ್ಲಿ ಬಾಗುತ್ತದೆ, ಎಲ್ಲಿ ಇನ್ನೊಂದನ್ನು ದಾಟುತ್ತದೆ, ಎಲ್ಲವನ್ನೂ ಬಾಯಲ್ಲೇ ಹೇಳಬೇಕು. ಮೊದಲು ಕಾಗದದ ಮೇಲೆ ಬರೆದುಕೊಳ್ಳಬೇಕು. ಕಣ್ಣು ಮುಚ್ಚಿ ಕೇಳಿ, ಅರ್ಥವಾಗದಿದ್ದರೆ ಮತ್ತೆ ಓದಬೇಕು. ಬ್ರಾಕೆಟ್ ಎಲ್ಲಿ ಶುರು, ಎಲ್ಲಿ ಮುಗಿಯಿತು ಅಂತ ಹೇಳದಿದ್ದರೆ ಇಡೀ ಸಮೀಕರಣವೇ ತಪ್ಪುತ್ತದೆ. ಅಂಥ ಒಂದೇ ಪುಟಕ್ಕೆ ಅರ್ಧ ಮಧ್ಯಾಹ್ನ ಹೋಗುತ್ತಿತ್ತು. ಪಾಯಿಂಟ್ ಮಾತ್ರ ಒಂದು ಪುಟದ್ದೇ.

ಮೆಲ್ಲಗೆ ಗಣಿತದ ಪುಸ್ತಕಗಳು ಕಪಾಟಿನಲ್ಲೇ ಉಳಿದವು. ಯಾರೂ ಕೆಟ್ಟವರಾಗಿರಲಿಲ್ಲ. ಪಟ್ಟಿಯಲ್ಲಿ ಕೆಳಗೆ ಇರುವುದು ಯಾರಿಗೂ ಇಷ್ಟ ಇರಲಿಲ್ಲ, ಅಷ್ಟೇ. ರೆಕಾರ್ಡಿಂಗ್ ಕೇಳಿ ತಪ್ಪು ಹುಡುಕುತ್ತಿದ್ದ ಒಬ್ಬ ಅಮ್ಮ ಇದ್ದರು, ಎಲೆಮರೆಯ ಕಾಯಿ. ಅವರ ಕೆಲಸಕ್ಕೆ ಪಾಯಿಂಟೇ ಇರಲಿಲ್ಲ. ಅವರ ಹೆಸರು ಬೋರ್ಡಿಗೆ ಬರಲೇ ಇಲ್ಲ. ಪರೀಕ್ಷೆಗೆ ಗಣಿತದ ಪಾಠ ಬೇಕು ಅಂತ ಒಬ್ಬ ಹುಡುಗ ಕೇಳಿಕೊಂಡು ಬಂದಾಗ ಕೊಡಲು ನಮ್ಮಲ್ಲಿ ಏನೂ ಇರಲಿಲ್ಲ. ಅದು ಈಗಲೂ ನನ್ನನ್ನು ಕಾಡುತ್ತದೆ.

ಗಂಟೆ ಲೆಕ್ಕ ಹಾಕಿದರೂ ಇದೇ ಕಥೆ. ನಿಧಾನ ಮಾಡಿದವರಿಗೆ ಜಾಸ್ತಿ ಪಾಯಿಂಟ್ಸ್ ಸಿಗುತ್ತದೆ. ನೀವು ಯಾವುದನ್ನು ಎಣಿಸುತ್ತೀರೋ ಜನ ಅದನ್ನೇ ಮಾಡುತ್ತಾರೆ.

ಓನೆಗೆಟಿವ್:
ಗಂಟೆ ಲೆಕ್ಕ ಎಲ್ಲ ಕಡೆ ಕೆಟ್ಟದ್ದು ಅನ್ನುವಂತಿಲ್ಲ. ಒಬ್ಬರಿಗೊಬ್ಬರು ಮಾಡಿದ ಕೆಲಸದ ಗಂಟೆಗಳನ್ನು ಜಮೆ ಮಾಡುವ ‘ಟೈಮ್ ಬ್ಯಾಂಕ್’ ನಡೆಯುವುದೇ ಅದರ ಮೇಲೆ. ಜಪಾನಿನ ಒಸಾಕಾದಲ್ಲಿ ತೆರುಕೊ ಮಿಜುಶಿಮಾ 1973ರಲ್ಲೇ ಅಂಥದ್ದೊಂದನ್ನು ಶುರು ಮಾಡಿದ್ದರು. ಅಮೆರಿಕದಲ್ಲಿ ಎಡ್ಗರ್ ಕಾನ್ 1980ರ ದಶಕದಿಂದ ಈ ವಿಚಾರವನ್ನು ಬೆಳೆಸಿದರು. ವಕೀಲರ ಒಂದು ಗಂಟೆಗೂ ಮಗು ನೋಡಿಕೊಂಡವರ ಒಂದು ಗಂಟೆಗೂ ಒಂದೇ ಬೆಲೆ. ನಾನು ಇವತ್ತು ಕೊಟ್ಟ ಗಂಟೆಯನ್ನು ನನಗೆ ಕಷ್ಟ ಬಂದಾಗ ವಾಪಸ್ ಪಡೆಯಬಹುದು.

ನುಡಿಕೋಣೆ:
ಅದು ಒಪ್ಪುತ್ತೇನೆ. ಆದರೆ ಅಲ್ಲಿ ಗಂಟೆ ಕೊಟ್ಟು ಗಂಟೆ ತಗೊಳ್ಳುತ್ತಾರೆ, ಯಾರು ಮೊದಲು ಯಾರು ಕೊನೆ ಅಂತ ಬೋರ್ಡ್ ಇರುವುದಿಲ್ಲ. ನನ್ನ ಸಿಟ್ಟು ಬೋರ್ಡಿನ ಮೇಲೆ.

ವಾರಾಂತ್ಯಓದು:
ಎಲ್ಲರಿಗೂ ಧನ್ಯವಾದ. ಗುಂಪಿನವರ ಜೊತೆ ಕೂತು ಮಾತಾಡಿದೆವು. ಪಾಯಿಂಟ್ಸ್, ಬೋರ್ಡ್ ಎರಡನ್ನೂ ಕೈಬಿಟ್ಟಿದ್ದೇವೆ. ಕೂಪನ್ನಿಗೆ ಇಟ್ಟಿದ್ದ ಹಣ ಬಸ್ ಖರ್ಚಿಗೆ, ಡೇಟಾಕ್ಕೆ ಹೋಗುತ್ತದೆ. ಬಿಟ್ಟು ಹೋದವರಿಗೆ ಫೋನ್ ಮಾಡಲು ಶುರು ಮಾಡಿದ್ದೇವೆ. ಒಬ್ಬಳು ಹೇಳಿದ್ದು: ‘ಬಂದಾಗೆಲ್ಲ ಯಾವ ಕೆಲಸ ಅಂತ ಯಾರೂ ಹೇಳ್ತಿರಲಿಲ್ಲ. ಮೂಲೆಯಲ್ಲಿ ಕೂತು ಎದ್ದು ಬರ್ತಿದ್ದೆ.’ ಅವಳಿಗೆ ಯಾವ ಬಹುಮಾನ ಕೊಟ್ಟಿದ್ದರೂ ಅವಳು ಉಳಿಯುತ್ತಿರಲಿಲ್ಲ. ಇನ್ನು ಪ್ರತಿ ಹೊಸಬರಿಗೂ ಒಬ್ಬ ಹಳಬರು ಜೊತೆಗಿರುತ್ತಾರೆ, ಒಂದು ತರಗತಿಯ ಜವಾಬ್ದಾರಿ ಆ ಹೊಸಬರದ್ದೇ ಆಗಿರುತ್ತದೆ.

ರೆಕಾರ್ಡಿಂಗ್ ಕೇಳಿದ ವಿದ್ಯಾರ್ಥಿಗಳಿಂದ ಒಂದು ನಿಮಿಷದ ಧ್ವನಿ ಸಂದೇಶ ತರಿಸಿ, ಓದಿದವರಿಗೂ ತಪ್ಪು ತಿದ್ದಿದವರಿಗೂ ಕಳಿಸಬೇಕು ಅಂದುಕೊಂಡಿದ್ದೇವೆ.

ಮೂರನೇಪಾಳಿ:
ಬಸ್ ಖರ್ಚಿನ ನಿರ್ಧಾರ ಕೇಳಿ ಖುಷಿಯಾಯಿತು. ಆದರೆ ಧ್ವನಿ ಸಂದೇಶದ ವಿಷಯದಲ್ಲಿ ಹುಷಾರು. ಥ್ಯಾಂಕ್ಸ್ ಹೇಳಲೇಬೇಕು ಅನ್ನುವ ಹೊರೆ ಆ ಮಕ್ಕಳ ಮೇಲೆ ಬೀಳಬಾರದು. ಪಠ್ಯಪುಸ್ತಕ ಸಿಗುವುದು ಅವರ ಹಕ್ಕು. ‘ಓದಿದ್ದು ಹೇಗಿದೆ, ಎಲ್ಲಿ ಅರ್ಥ ಆಗಲಿಲ್ಲ’ ಅಂತ ಕೇಳಿ. ಬೈದರೂ ಅದನ್ನು ಹಾಗೇ ಕಳಿಸಿ.

ನುಡಿಕೋಣೆ:
ಇದನ್ನೇ ಹೇಳಬೇಕು ಅಂತಿದ್ದೆ. ‘ಮೂರನೇ ಗ್ರಾಫ್ ಗೊತ್ತಾಗಲಿಲ್ಲ, ಇನ್ನೊಮ್ಮೆ ಓದಿ’ ಅಂತ ಯಾರಾದರೂ ಹೇಳಿದ್ದರೆ ನಾನು ಅವತ್ತೇ ಮೈಕ್ ಮುಂದೆ ಕೂರುತ್ತಿದ್ದೆ. @ವಾರಾಂತ್ಯಓದು, ನಿಮ್ಮಲ್ಲಿ ಗಣಿತ ಓದುವವರು ಯಾರೂ ಸಿಗದಿದ್ದರೆ ನನಗೆ ಮೆಸೇಜ್ ಮಾಡಿ. ಮನೆಯಿಂದಲೇ ರೆಕಾರ್ಡ್ ಮಾಡಿ ಕಳಿಸುತ್ತೇನೆ.