‘ಡ್ಯೂ ಟು’ ಹಾಕಿದ ಕೂಡಲೇ ಕೆಂಪು ಗೆರೆ ಬರುತ್ತದೆ, ಎಲ್ಲಿ ತಪ್ಪುತ್ತಿದ್ದೇನೆ?

ಪ್ರಶ್ನೆ:
ರಜೆ ಹಾಕಿದ್ದಕ್ಕೆ ಕಾರಣ ತಿಳಿಸಿ ಈಮೇಲ್ ಬರೆಯುತ್ತಿದ್ದೆ. ‘ಡ್ಯೂ ಟು ಐ ವಾಸ್ ಸಿಕ್, ಐ ಕುಡ್ ನಾಟ್ ಕಮ್’ ಅಂತ ಹಾಕಿದೆ. ಕೆಳಗೆ ಕೆಂಪು ಗೆರೆ ಬಂತು. ‘ಬಿಕಾಸ್ ಆಫ್ ಐ ವಾಸ್ ಸಿಕ್’ ಅಂತ ಬದಲಿಸಿದರೂ ಗೆರೆ ಹೋಗಲಿಲ್ಲ. ಎರಡಕ್ಕೂ ನಮ್ಮ ‘ಇಂದ’ ಅಂತಲೇ ಅರ್ಥ ಅಲ್ವಾ?

ಉತ್ತರ 1:
ಅರ್ಥ ಸರಿಯಾಗಿಯೇ ಹಿಡಿದಿದ್ದೀರಿ. ಎಡವಿದ್ದು ಆ ‘ಇಂದ’ದಲ್ಲೇ. ಅದು ಎರಡು ಕಡೆ ಅಂಟಿಕೊಳ್ಳುತ್ತದೆ. ‘ಜ್ವರದಿಂದ ಬರಲಿಲ್ಲ’ ಅನ್ನಬಹುದು, ‘ಜ್ವರ ಬಂದಿದ್ದರಿಂದ ಬರಲಿಲ್ಲ’ ಅಂತಲೂ ಅನ್ನಬಹುದು. ಇಂಗ್ಲಿಷ್ ಇವೆರಡನ್ನು ಬೇರೆ ಮಾಡುತ್ತದೆ. ‘ಜ್ವರದಿಂದ’ ಅಂದಾಗ ಇರುವುದು ಬರೀ ನಾಮಪದ, ಅಲ್ಲಿ ‘ಬಿಕಾಸ್ ಆಫ್’. ‘ಬಂದಿದ್ದರಿಂದ’ ಅಂತ ಕ್ರಿಯಾಪದ ಒಳಗೆ ಬಂದರೆ ‘ಆಫ್’ ಬಿಟ್ಟುಬಿಡಿ. ಅಂದರೆ ‘ಬಿಕಾಸ್ ಐ ವಾಸ್ ಸಿಕ್’, ಇಲ್ಲವೇ ‘ಬಿಕಾಸ್ ಆಫ್ ಎ ಫೀವರ್’.

ಪ್ರಶ್ನೆ ಕೇಳಿದವರು:
ಗೆರೆ ಹೋಯಿತು! ಹಾಗಾದರೆ ‘ಡ್ಯೂ ಟು ಎ ಫೀವರ್, ಐ ಕುಡ್ ನಾಟ್ ಕಮ್’ ಅಂದರೆ? ಅದು ತಪ್ಪು ಅಂತ ಕೇಳಿದ್ದೆ.

ಉತ್ತರ 1:
ಈಗ ತಪ್ಪಲ್ಲ, ಧಾರಾಳವಾಗಿ ಬಳಸುತ್ತಾರೆ. ಆದರೆ ತಕರಾರು ಹಳೆಯದು. ಫೌಲರ್ ಅನ್ನುವ ಇಂಗ್ಲಿಷ್ ನಿಘಂಟುಕಾರ 1926ರ ತನ್ನ ಇಂಗ್ಲಿಷ್ ಬಳಕೆಯ ಕೈಪಿಡಿಯಲ್ಲೇ ಇದನ್ನು ಆಕ್ಷೇಪಿಸಿದ್ದ. ‘ಡ್ಯೂ’ ಮೂಲದಲ್ಲಿ ಗುಣವಾಚಕ, ‘ಬಾಕಿ ಇರುವ’ ಅನ್ನುವ ಅರ್ಥದ ಅದೇ ಪದ. ಹಾಗಾಗಿ ಅದು ಒಂದು ನಾಮಪದಕ್ಕೆ ಸೇರಬೇಕು ಅನ್ನುವುದು ಹಳಬರ ವಾದ.

ಇದನ್ನು ಕನ್ನಡದಲ್ಲೇ ಪರೀಕ್ಷಿಸಬಹುದು. ‘ಮಳೆಯಿಂದ ತಡವಾಯಿತು’ ಅಂದರೆ ‘ಬಿಕಾಸ್ ಆಫ್ ರೈನ್’. ಅದನ್ನೇ ತಿರುಗಿಸಿ ‘ತಡವಾಗಿದ್ದು ಮಳೆಯಿಂದ’ ಅನ್ನಿ. ‘ತಡವಾಗಿದ್ದು’ ಈಗ ನಾಮಪದದ ಜಾಗದಲ್ಲಿ ಕೂತಿದೆ. ‘ದ ಡಿಲೇ ವಾಸ್ ಡ್ಯೂ ಟು ರೈನ್’. ಇದಕ್ಕೆ ಫೌಲರ್ ಕೂಡ ಬೇಡ ಅನ್ನುತ್ತಿರಲಿಲ್ಲ. ಪರೀಕ್ಷೆಯಲ್ಲಿ, ಔಪಚಾರಿಕ ಪತ್ರದಲ್ಲಿ ನಾನು ಈಗಲೂ ಹೀಗೇ ಬರೆಯುತ್ತೇನೆ.

ಉತ್ತರ 2:
ಒಂದು ಮಾತು ಸೇರಿಸುತ್ತೇನೆ. ‘ಇಂದ’ ಕಂಡಲ್ಲೆಲ್ಲ ಸುಮ್ನೆ ‘ಡ್ಯೂ ಟು’ ಹಾಕಬೇಡಿ. ‘ಚಳಿಯಿಂದ ನಡುಗಿದ’ ಅನ್ನುವುದಕ್ಕೆ ‘ಶಿವರ್ಡ್ ವಿತ್ ಕೋಲ್ಡ್’. ‘ಜ್ವರದಿಂದ ನರಳು’ ಅನ್ನುವುದಕ್ಕೆ ‘ಸಫರ್ ಫ್ರಮ್’. ಇನ್ನು ‘ದ ಟ್ರೇನ್ ಈಸ್ ಡ್ಯೂ ಟು ಅರೈವ್ ಅಟ್ ಫೈವ್’ ಅಂದಾಗ ಕಾರಣದ ಸುಳಿವೇ ಇಲ್ಲ. ಐದಕ್ಕೆ ಬರಬೇಕು, ಅಷ್ಟೇ. ‘ಟು’ ಆದ ಮೇಲೆ ಕ್ರಿಯಾಪದ ಇದ್ದರೆ ಈ ಅರ್ಥ.

ಪ್ರಶ್ನೆ ಕೇಳಿದವರು:
‘ಮೈ ಆಬ್ಸೆನ್ಸ್ ವಾಸ್ ಡ್ಯೂ ಟು ಎ ಫೀವರ್’ ಅಂತ ತಿದ್ದಿ ಈಗಷ್ಟೇ ಕಳಿಸಿದೆ. ತುಂಬಾ ಥ್ಯಾಂಕ್ಸ್.